ಅಮ್ಮ, ನೂರು ವ್ಯಾಟ್

ನಮ್ಮೂರಿನಲ್ಲಿ ಯಂತ್ರಕ್ಕೆ ಕರೆಂಟು ಸಾಲದೆ ಹೋದರೆ ಅದು ನಿಲ್ಲುವುದಿಲ್ಲ. ಕಡಿಮೆ ಬಿದ್ದಷ್ಟನ್ನು ತೀರಾ ಹತ್ತಿರ ಕೂತವರಿಂದ ತೆಗೆದುಕೊಂಡು ತನ್ನ ಕೆಲಸ ಮುಗಿಸುತ್ತದೆ. ಕೂತವರಿಗೆ ನೋವೇನೂ ಆಗುವುದಿಲ್ಲ. ಒಂದು ಆಕಳಿಕೆ ಬರುತ್ತದೆ, ರೆಪ್ಪೆ ಭಾರವಾಗುತ್ತದೆ, ಕೂತಲ್ಲೇ ನಿದ್ದೆ ಹತ್ತುತ್ತದೆ. ಯಂತ್ರ ಆರಿಸಿದ ಮೇಲೆ ಎಚ್ಚರವಾಗುತ್ತದೆ. ಆದರೆ ಅದು ಮಲಗಿ ಎದ್ದ ಹಾಗಲ್ಲ, ಎರಡು ಮೂಟೆ ಅಕ್ಕಿ ಹೊತ್ತು ಇಳಿಸಿದ ಹಾಗೆ.

ಇದಕ್ಕಾಗಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ದೋಸೆಗೆ ರುಬ್ಬುವ ದಿನ ಮನೆಯಲ್ಲಿ ಕೂತುಣ್ಣುವವರು ಯಾರಾದರೂ ಇದ್ದರೆ ಅವರನ್ನು ಗ್ರೈಂಡರಿನ ಪಕ್ಕಕ್ಕೆ ಕರೆಯುತ್ತಾರೆ. ತೊಟ್ಟಿಲನ್ನು ಮಿಕ್ಸಿಯಿಂದ ದೂರ ಕಟ್ಟುತ್ತಾರೆ. ಮದುವೆ ಮನೆಯಲ್ಲಿ ಬಣ್ಣದ ದೀಪಗಳ ಬೋರ್ಡಿನ ಹತ್ತಿರ ವರನ ಸೋದರಮಾವಂದಿರಿಗೆ ಸಾಲಾಗಿ ಕುರ್ಚಿ ಹಾಕುತ್ತಾರೆ. ಮುಹೂರ್ತದ ಹೊತ್ತಿಗೆ ಅವರನ್ನೆಲ್ಲ ಎಬ್ಬಿಸಿ ಮುಖಕ್ಕೆ ನೀರು ಕೊಡುವುದೂ ಈಗ ಒಂದು ಶಾಸ್ತ್ರವೇ ಆಗಿದೆ. ಅಂಗಡಿಯಲ್ಲಿ ಕೊಳ್ಳುವಾಗ ಕಾಗದದ ಗ್ಯಾರಂಟಿಯನ್ನು ಯಾರೂ ನಂಬುವುದಿಲ್ಲ. ಅಂಗಡಿಯವರ ಕಡೆಯವರೊಬ್ಬರು ಯಂತ್ರ ಚಾಲೂ ಮಾಡಿ ಅದರ ಪಕ್ಕದಲ್ಲಿ ಅರ್ಧ ಗಂಟೆ ಕೂರಬೇಕು. ತೂಕಡಿಸದೆ ಎದ್ದರೆ ಮಾಲು ಒಳ್ಳೆಯದು, ಕಟ್ಟಿಸಿಕೊಂಡು ಬರಬಹುದು.

ಇನ್ನೊಂದು ರೂಢಿಯೂ ಇದೆ. ಯಾರು ಅಳೆದರೋ ಗೊತ್ತಿಲ್ಲ, ಒಂದು ಆಳನ್ನು ನೂರು ವ್ಯಾಟ್ ಎಂದು ಹಿಡಿಯುತ್ತಾರೆ. ಹಾಗಾಗಿ ಯಾವ ಯಂತ್ರ ಕೊಳ್ಳುವಾಗಲೂ ನೂರು ವ್ಯಾಟ್ ಕಡಿಮೆಯದನ್ನೇ ತರುವುದು. ಮಿಕ್ಕಿದ್ದಕ್ಕೆ ಮನೆಯಲ್ಲಿ ಒಬ್ಬರು ಇದ್ದಾರಲ್ಲ. ಆ ಒಬ್ಬರು ಯಾರು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನನ್ನ ಮಗಳು ಇಂಚರ ಕಂಪ್ಯೂಟರಿನಲ್ಲಿ ಆಟ ಆಡುತ್ತಾಳೆ. ಅದು ಹೊತ್ತು ಕಳೆಯುವ ಆಟವಲ್ಲ. ಅವಳ ಕಾಲೇಜಿನ ಐವರು ಹುಡುಗಿಯರದ್ದೊಂದು ತಂಡವಿದೆ, ಭಾನುವಾರ ಬೆಳಿಗ್ಗೆ ಬೇರೆ ಊರಿನ ತಂಡಗಳ ಜೊತೆ ಪಂದ್ಯ. ನಮ್ಮ ಕಂಪ್ಯೂಟರು ಹಳೆಯದು. ಅದರ ಹೊಟ್ಟೆಯಲ್ಲಿ ಕೂತು, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆಲ್ಲ ಬಡಿಸುವ ಕಬ್ಬಿಣದ ಡಬ್ಬ, ಅಂದರೆ ಪವರ್ ಸಪ್ಲೈ, ಇನ್ನೂ ಹಳೆಯದು. ಆಟ ಜೋರಾದಾಗ ಅದಕ್ಕೆ ಬಡಿಸಿ ಪೂರೈಸುವುದಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಆಡುವವಳಿಗೇ ನಿದ್ದೆ ಬರುತ್ತದೆ. ಅದಕ್ಕೆ ನಾನು ಡಬ್ಬಕ್ಕೂ ಅವಳ ಕುರ್ಚಿಗೂ ನಡುವೆ ಬೆತ್ತದ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ.

ಎರಡು ವರ್ಷ ಕೂತಿದ್ದೇನೆ. ಒಂದು ಆಟವನ್ನೂ ನೋಡಿಲ್ಲ. ಪರದೆಯ ಮೇಲೆ ಒಂದು ಸೇತುವೆ ಕಾಣುತ್ತದೆ, ಐದು ಬೊಂಬೆಗಳು ಓಡಿ ಬಂದು ನಿಲ್ಲುತ್ತವೆ, ಇಂಚರ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಸ್ನೇಹಿತೆಯರಿಗೆ ಏನೋ ಹೇಳುತ್ತಾಳೆ. ಅಷ್ಟೇ, ನನಗೆ ಗೊತ್ತಿರುವುದು ಅಷ್ಟೇ. ಮತ್ತೆ ಕಣ್ಣು ಬಿಟ್ಟಾಗ ಪರದೆ ಕಪ್ಪಾಗಿರುತ್ತದೆ. ಅವಳು ನನ್ನ ಕಡೆ ತಿರುಗಿ, "ಗೆದ್ವಿ ಅಮ್ಮ," ಎನ್ನುತ್ತಾಳೆ. ನಾನು ಗೋಡೆ ಹಿಡಿದುಕೊಂಡು ಎದ್ದು, ಒಲೆಯ ಮುಂದೆ ನಿಂತು ಅವಳಿಗೆ ಸಜ್ಜಿಗೆ ಮಾಡುತ್ತೇನೆ. ಗೆದ್ದ ದಿನ ಸಜ್ಜಿಗೆ ಎಂದು ನಮ್ಮಿಬ್ಬರಲ್ಲಿ ಆಗಿಹೋಗಿತ್ತು. ಹಾಗಾಗಿ ಎರಡು ವರ್ಷದಲ್ಲಿ ಪ್ರತಿ ಭಾನುವಾರವೂ ಸಜ್ಜಿಗೆ ಆಗಿದೆ.

ಈ ಸಲ ದೊಡ್ಡ ಪಂದ್ಯ ಬಂತು. ಹದಿನಾಲ್ಕು ಊರುಗಳ ಕಾಲೇಜುಗಳು ಸೇರಿದ್ದವು, ಇವರ ಮೊದಲ ಸುತ್ತು ಭಾನುವಾರ ಹತ್ತು ಗಂಟೆಗೆ. ಅದೇ ವಾರ ನನ್ನ ತಮ್ಮ ತನ್ನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಬದಲಿಸಿಕೊಂಡು, ಹಳೆಯದನ್ನು ಸೋದರಸೊಸೆ ಇಂಚರಳಿಗೆ ಕೊಟ್ಟ. ಇಟ್ಟಿಗೆಯಷ್ಟು ದಪ್ಪ, ಮೂರು ಫ್ಯಾನು. ಅದನ್ನು ತೊಡೆಯ ಮೇಲಿಟ್ಟುಕೊಂಡು ಇಂಚರ ಒಂದು ಸಂಜೆಯೆಲ್ಲ ಮಾತಿಲ್ಲದೆ ಕೂತಿದ್ದಳು. ಅದನ್ನು ಹಾಕಬೇಕಾದರೆ ಹಳೆಯ ಡಬ್ಬ ತೆಗೆದು ಹೊಸದು ತರಲೇಬೇಕು. ಶನಿವಾರ ಹೋಗಿ ತರುವುದೆಂದಾಯಿತು. ಈ ಪಂದ್ಯವನ್ನು ನಾನು ಕಣ್ಣು ಬಿಟ್ಟುಕೊಂಡು, ಮೊದಲಿಂದ ಕೊನೆಯವರೆಗೆ ನೋಡಬೇಕೆಂದು ನಾನೂ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ.

ಶುಕ್ರವಾರ ಅವಳ ಮೇಜು ಒರೆಸುವಾಗ ನೋಟ್‌ಬುಕ್ಕು ತೆರೆದಿತ್ತು. ಮಗಳ ಅಕ್ಷರ ದುಂಡಗಿದೆ, ಓದಲು ಸುಖ. ಗ್ರಾಫಿಕ್ಸ್ ಕಾರ್ಡು ಇನ್ನೂರೆಂಬತ್ತೈದು. ಪ್ರೊಸೆಸರು ನೂರಿಪ್ಪತ್ತೈದು. ಮದರ್‌ಬೋರ್ಡು, ಮೆಮೊರಿ ಎಪ್ಪತ್ತು. ಫ್ಯಾನು, ದೀಪ, ಡಿಸ್ಕು ನಲವತ್ತು. ಒಟ್ಟು ಐನೂರ ಇಪ್ಪತ್ತು ವ್ಯಾಟ್, ಆಟದ ಬಿಸಿಯಲ್ಲಿ ಆರುನೂರು ದಾಟಬಹುದು. ಒಂದು ಗೆರೆ ಎಳೆದು ಅದರ ಕೆಳಗೆ ಬರೆದಿದ್ದಳು: ಡಬ್ಬ ಐನೂರೈವತ್ತು. ಅಮ್ಮ ನೂರು. ಸಾಕು.

ಒರೆಸುವ ಬಟ್ಟೆ ಕೈಯಲ್ಲೇ ಇತ್ತು. ಸಿಟ್ಟು ಬಂತು ಎಂದರೆ ಸುಳ್ಳಾಗುತ್ತದೆ. ಅವಳು ತಪ್ಪೇನೂ ಬರೆದಿರಲಿಲ್ಲ. ನಮ್ಮೂರಿನ ಯಾವ ಮನೆಯ ಯಾವ ನೋಟ್‌ಬುಕ್ಕಿನಲ್ಲಾದರೂ ಹಾಗೇ ಇರುತ್ತದೆ, ನನ್ನ ತಾಯಿಯೂ ಅಪ್ಪನ ಡ್ರಿಲ್ಲಿಂಗ್ ಮೆಷಿನ್ನಿಗೆ ನೂರು ವ್ಯಾಟ್ ಆಗಿದ್ದವಳೇ. ಆದರೆ ದೀಪ, ಡಿಸ್ಕುಗಳ ಕೆಳಗೆ ನನ್ನನ್ನು ಓದಿದ್ದು ಅದೇ ಮೊದಲು. ಮೇಜು ಒರೆಸಿ ಮುಗಿಸಿದೆ, ನೋಟ್‌ಬುಕ್ಕನ್ನು ಇದ್ದ ಹಾಗೇ ಇಟ್ಟೆ.

ಊಟಕ್ಕೆ ಕೂತಾಗ ನಮ್ಮವರ ಹತ್ತಿರ, ಈ ಸಲ ಪೂರಾ ಅಳತೆಯದ್ದೇ ತರೋಣ ಎಂದೆ. ಅವರು ಸಾರು ಕಲಸಿಕೊಳ್ಳುತ್ತ, "ಯಾಕೆ? ನಿನಗೂ ಅಷ್ಟು ಹೊತ್ತು ನಿದ್ದೆ ಆಗುತ್ತಲ್ಲ," ಎಂದರು. ಕೆಟ್ಟವರಲ್ಲ, ನಿಜಕ್ಕೂ ಹಾಗೆಂದೇ ನಂಬಿದ್ದರು. ಹಾಗಿದ್ದರೆ ಭಾನುವಾರ ನೀವೇ ಕೂತು ನಿದ್ದೆ ಮಾಡಿ ಎಂದೆ. ಅವರು ಇನ್ನೊಂದು ಸೌಟು ಸಾರು ಹಾಕಿಸಿಕೊಂಡು, ತಮಗೆ ಹಗಲು ನಿದ್ದೆ ಆಗಿಬರುವುದಿಲ್ಲ ಎಂದು ಹೇಳಿ ಮಾತು ಮುಗಿಸಿದರು.

ಶನಿವಾರ ಬೆಳಿಗ್ಗೆ ತರಕಾರಿ ಮಾರುಕಟ್ಟೆಗೆ ಹೋಗಿ, ಹುಳಿಗೆಂದು ಎರಡು ಕೆ.ಜಿ. ಅವರೆಕಾಯಿ ಕೊಂಡು, ಆ ಚೀಲದ ಸಮೇತ ಇಂಚರಳ ಜೊತೆ ಜಂಬಣ್ಣನ ಅಂಗಡಿಗೆ ಹೋದೆ. ಕಂಪ್ಯೂಟರಿನ ಸಾಮಾನಿಗೆ ಊರಿಗೆಲ್ಲ ಅದೊಂದೇ ಅಂಗಡಿ. ಜಂಬಣ್ಣ ಮಾತುಗಾರ, ಗಿರಾಕಿಗಳ ಮಕ್ಕಳ ಹೆಸರು, ಓದುವ ಕ್ಲಾಸು ಎಲ್ಲ ನೆನಪಿಟ್ಟುಕೊಂಡಿರುತ್ತಾನೆ. ಅಂಗಡಿಯ ಕಡೆಯಿಂದ ಯಂತ್ರದ ಪಕ್ಕ ಕೂರಲು ಸಿದ್ದವೀರಯ್ಯನವರನ್ನು ಇಟ್ಟುಕೊಂಡಿದ್ದಾನೆ. ಅವರು ಮೊದಲು ಬಸ್ಸು ಓಡಿಸುತ್ತಿದ್ದರು. ಇಪ್ಪತ್ತು ವರ್ಷದಿಂದ ಆ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದಾರೆ, ಒಮ್ಮೆಯೂ ತೂಕಡಿಸಿಲ್ಲ. ಜಂಬಣ್ಣನ ಮಾಲಿಗೆ ಊರಿನಲ್ಲಿ ಹೆಸರಿರುವುದು ಅದಕ್ಕೇ.

ಇಂಚರ ನೋಟ್‌ಬುಕ್ಕಿನ ಹಾಳೆ ಕೊಟ್ಟಳು. ಜಂಬಣ್ಣ ಮೇಲಿಂದ ಕೆಳಗೆ ಓದಿ, ಲೆಕ್ಕ ಅಚ್ಚುಕಟ್ಟಾಗಿದೆ ಎಂದು ಮೆಚ್ಚಿ, ಐನೂರೈವತ್ತರ ಡಬ್ಬ ತರಲು ಕೈ ಚಾಚಿದ.

"ಅದರಲ್ಲಿ ಕೊನೇ ಸಾಲಿನ ಮೇಲಿಂದು ಬಿಟ್ಟು ಲೆಕ್ಕ ಹಾಕಪ್ಪ," ಎಂದೆ.

"ಯಾವ್ದು ಅಕ್ಕಾ? ಅಮ್ಮ ಅನ್ನೋದಾ?"

"ಹೂಂ. ಅದನ್ನ ತೆಗೆದುಬಿಡು."

ಇಂಚರ ನನ್ನ ಮುಖ ನೋಡಿದಳು. "ಮತ್ತೆ ಪಕ್ಕದಲ್ಲಿ ಯಾರಮ್ಮ ಕೂರೋದು?"

"ನಾನೇ. ನೋಡೋಕೆ."

ಜಂಬಣ್ಣ ನಕ್ಕು, ಹಾಗಾದರೆ ಆರುನೂರೈವತ್ತು ಸಾಕು ಅಕ್ಕ ಎಂದ. ಸಾಲದು ಎಂದೆ. ಕಂಪ್ಯೂಟರಿನ ವಿಷಯ ನನಗೆ ಹೆಚ್ಚು ಗೊತ್ತಿಲ್ಲ, ಹಾಲಿನ ವಿಷಯ ಗೊತ್ತಿದೆ. ಒಂದು ಲೀಟರು ಹಾಲಿಗೆ ಒಂದು ಲೀಟರಿನ ಪಾತ್ರೆ ಇಡುವ ಹೆಂಗಸು ಯಾವ ಊರಿನಲ್ಲೂ ಇಲ್ಲ. ಸುಮ್ಮನಿದ್ದಾಗ ಹಾಲು ಪಾತ್ರೆಯ ತಳದಲ್ಲೇ ಇರುತ್ತದೆ, ಉಕ್ಕುವುದು ಒಂದು ಕ್ಷಣ, ಆ ಕ್ಷಣಕ್ಕಾಗಿ ದೊಡ್ಡ ಪಾತ್ರೆ. ಆಟವೂ ಹಾಗೇ ಉಕ್ಕುತ್ತದೆ ಎಂಬುದು ನನ್ನ ಮೈಗೇ ಗೊತ್ತಿತ್ತು. ನಿದ್ದೆ ನನಗೆ ಮೆಲ್ಲಗೆ ಬರುತ್ತಿರಲಿಲ್ಲ, ಪರದೆಯ ಮೇಲೆ ಒಮ್ಮೆಲೇ ಬೆಂಕಿ, ಹೊಗೆ ತುಂಬಿದಾಗಲೇ ದಬಕ್ಕನೆ ಬರುತ್ತಿತ್ತು. ಐನೂರ ಇಪ್ಪತ್ತಕ್ಕೆ ಅದರ ಅರ್ಧದಷ್ಟು ಜಾಗ ಮೇಲೆ ಬಿಟ್ಟು ಕೊಡು ಎಂದೆ. ಜಂಬಣ್ಣ ಕ್ಯಾಲ್ಕುಲೇಟರ್ ಒತ್ತಿ, ಸುಮಾರು ಏಳುನೂರೈವತ್ತರಿಂದ ಎಂಟುನೂರು ಎಂದು ತಲೆದೂಗಿದ.

ಅವನು ತೋರಿಸಿದ್ದು ಎಂಟುನೂರೈವತ್ತರದ್ದು. ಪೆಟ್ಟಿಗೆಯ ಮೇಲೆ ಚಿನ್ನದ ಬಣ್ಣದ ಸಿಂಹ, ಒಳಗಿನ ಡಬ್ಬದ ಸುತ್ತ ಬಣ್ಣ ಬದಲಿಸುವ ದೀಪ. ಬೆಂಚಿನ ಮೇಲೆ ಅದಕ್ಕೊಂದು ಕಂಪ್ಯೂಟರು ಜೋಡಿಸಿ, ನಾವು ಒಯ್ದಿದ್ದ ನಮ್ಮ ಕಾರ್ಡನ್ನೂ ಹಾಕಿದ. ಸಿದ್ದವೀರಯ್ಯನವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಡಬ್ಬವನ್ನು ಜೋಡಿಸುವ ಮೊದಲು ನಾನು ಕೈಯಲ್ಲಿ ಹಿಡಿದು ನೋಡಿದ್ದೆ. ಒಣಗಿದ ತೆಂಗಿನಕಾಯಿಯಷ್ಟು ಹಗುರ.

ಇವತ್ತು ಅವರ ಜಾಗದಲ್ಲಿ ನಾನು ಕೂರುತ್ತೇನೆ ಎಂದೆ.

"ಗಿರಾಕಿ ಕೂರೋದು ಪದ್ಧತಿ ಅಲ್ಲಕ್ಕ."

"ಮಾರೋರು ಕೂರಬೇಕು ಅನ್ನೋದು ಪದ್ಧತಿ. ಕೊಳ್ಳೋರು ಕೂರಬಾರದು ಅಂತ ಯಾರೂ ಹೇಳಿಲ್ಲವಲ್ಲ."

ಸಿದ್ದವೀರಯ್ಯನವರೇ ಎದ್ದು ಜಾಗ ಬಿಟ್ಟರು. ನಾನು ಚೀಲದಿಂದ ಅವರೆಕಾಯಿ ತೆಗೆದು, ಸೆರಗನ್ನು ಮಡಿಲಿಗೆ ಹರಡಿಕೊಂಡು ಸುಲಿಯತೊಡಗಿದೆ. ಸುಮ್ಮನೆ ಕೂರುವುದು ನನ್ನಿಂದಾಗದು. ಜಂಬಣ್ಣ ಪರೀಕ್ಷೆಯ ಪ್ರೋಗ್ರಾಂ ಹಾಕಿದ. ಪರದೆಯ ಮೇಲೆ ತುಪ್ಪುಳದ ಉಂಗುರವೊಂದು ಗಿರಗಿರ ತಿರುಗಿತು, ಕಾರ್ಡಿನ ಫ್ಯಾನುಗಳು ಗುಂಯ್ ಎಂದವು. ಒಂದು ಕಾಯಿ, ಎರಡು, ಮೂರು. ಐದನೆಯದಕ್ಕೆ ಆಕಳಿಕೆ ಬಂತು. ಏಳನೆಯದನ್ನು ಬಿಡಿಸಿದ್ದು ನೆನಪಿದೆ, ಅದರೊಳಗಿನ ಕಾಳು ತೆಗೆದದ್ದು ನೆನಪಿಲ್ಲ.

ಎಚ್ಚರವಾದಾಗ ನನ್ನ ತಲೆ ಇಂಚರಳ ಹೊಟ್ಟೆಗೆ ಆನಿಕೊಂಡಿತ್ತು. ಅವಳು ಎರಡೂ ಕೈಯಲ್ಲಿ ನನ್ನ ಭುಜ ಹಿಡಿದು ನಿಂತಿದ್ದಳು. ಗೋಡೆಯ ಸ್ವಿಚ್ಚನ್ನು ಅವಳೇ ಆರಿಸಿದ್ದಳಂತೆ. ಮುಖ ಬಿಳುಚಿಕೊಂಡಿತ್ತು. ಆಗ ನನಗೆ ಹೊಳೆಯಿತು. ಎರಡು ವರ್ಷ ಪಕ್ಕದಲ್ಲೇ ಕೂತಿದ್ದರೂ, ನಾನು ಹೇಗೆ ನಿದ್ದೆಗೆ ಬೀಳುತ್ತೇನೆ ಎಂಬುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಆ ಹೊತ್ತಿನಲ್ಲಿ ಅವಳ ಕಣ್ಣು ಪರದೆಯ ಮೇಲಿರುತ್ತಿತ್ತು.

"ಯಾವಾಗ್ಲೂ ಹೀಗೇನಾ ಅಮ್ಮ?" ಎಂದಳು. "ಬಾಯಿ ತೆರ್ಕೊಂಡು, ಕೈ ಎಲ್ಲಿತ್ತೋ ಅಲ್ಲೇ ಬಿಟ್ಟು?"

"ನನಗೆ ಹೇಗೆ ಗೊತ್ತಾಗ್ಬೇಕು, ನಾನು ಮಲಗಿರ್ತೀನಲ್ಲ," ಎಂದೆ. ಅವಳು ನಗಲಿಲ್ಲ.

ಜಂಬಣ್ಣ, ಅಕ್ಕನಿಗೆ ಬೆಳಿಗ್ಗೆಯಿಂದ ಸುಸ್ತಿರಬೇಕು, ನಮ್ಮ ಸಿದ್ದವೀರಯ್ಯನವರು ಕೂತು ತೋರಿಸುತ್ತಾರೆ, ಇಡೀ ದಿನ ಕೂತರೂ ಕಣ್ಣು ಮುಚ್ಚುವುದಿಲ್ಲ ಎಂದ. ಬೆಂಚಿನ ಆ ತುದಿಯಲ್ಲಿ ಕೂತಿದ್ದ ಸಿದ್ದವೀರಯ್ಯನವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನನಗೆ ನಿದ್ದೆ ಅನ್ನೋದೇ ಬರಲ್ಲ ತಾಯಿ," ಎಂದರು. "ಬಸ್ಸಿನ ಕೆಲಸ ಬಿಟ್ಟಾಗಿಂದ್ಲೂ ಬಂದಿಲ್ಲ. ಇಂಥ ಡಬ್ಬಗಳು ಪಕ್ಕ ಕೂತಷ್ಟು ಹೊತ್ತೂ ಎಳೀತವೆ, ಸಂಜೆಗೆ ಕಾಲು ಎತ್ತಿಡೋಕಾಗಲ್ಲ. ಕಣ್ಣು ಮಾತ್ರ ಮುಚ್ಚಲ್ಲ."

ನಿದ್ದೆಯೇ ಬಾರದವರನ್ನು ಕೂರಿಸಿ, ಅವರು ತೂಕಡಿಸಲಿಲ್ಲವೆಂದು ಇಡೀ ಊರು ಇಪ್ಪತ್ತು ವರ್ಷ ಸಾಮಾನು ಕೊಂಡಿತ್ತು. ಜಂಬಣ್ಣ ಬಗ್ಗಿ ಸಿಂಹದ ಪೆಟ್ಟಿಗೆಯ ಮುಚ್ಚಳ ಸರಿಮಾಡುತ್ತಿದ್ದ. ಅವನಿಗೆ ಗೊತ್ತಿತ್ತೋ ಇಲ್ಲವೋ ಕೇಳುವುದು ನನ್ನ ಕೆಲಸವಾಗಿರಲಿಲ್ಲ. ನನ್ನ ಕೆಲಸ ಡಬ್ಬ ಕೊಳ್ಳುವುದು. ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆ ಕಡಿಮೆ ಇದ್ದರೂ ಪರವಾಗಿಲ್ಲ, ಒಳಗೆ ತೂಕ ಇರುವಂಥದ್ದು ತೋರಿಸಪ್ಪ ಎಂದೆ.

ಅವನು ಏಣಿ ಹಾಕಿ, ಮೇಲಿನ ಹಲಗೆಯಿಂದ ಕಂದು ಬಣ್ಣದ ಬೋಳು ಪೆಟ್ಟಿಗೆಯೊಂದನ್ನು ಇಳಿಸಿ ಧೂಳು ಒರೆಸಿದ. ಏಳುನೂರೈವತ್ತು. ದೀಪವಿಲ್ಲ, ಸಿಂಹವಿಲ್ಲ. ಇದನ್ನು ಯಾರೂ ಕೇಳುವುದಿಲ್ಲ ಅಕ್ಕ, ಎಲ್ಲರೂ ಮನೆಯ ಆಳನ್ನು ಲೆಕ್ಕಕ್ಕೆ ಹಿಡಿದು ಚಿಕ್ಕದನ್ನೇ ಒಯ್ಯುತ್ತಾರೆ ಎಂದು ಗೊಣಗಿದ. ಎತ್ತಿ ನೋಡಿದೆ. ನಮ್ಮ ಮನೆಯ ರುಬ್ಬುವ ಕಲ್ಲಿನ ಗುಂಡು ನೆನಪಾಯಿತು.

ಜಂಬಣ್ಣ ಅದನ್ನು ಜೋಡಿಸಿದ ಮೇಲೆ ಮತ್ತೆ ಬೆಂಚಿನ ಮೇಲೆ ಕೂರಲು ಹೋದಾಗ ಇಂಚರ ತಡೆದಳು. ತಾನು ಕೂರುತ್ತೇನೆ ಎಂದಳು. ನಾಳೆ ಹತ್ತು ಗಂಟೆಗೆ ನೀನು ಆಡಬೇಕು, ಸರಿ ಜರುಗು ಎಂದೆ. ಉಂಗುರ ತಿರುಗಿತು, ಫ್ಯಾನುಗಳು ಗುಂಯ್ ಎಂದವು. ಏಳು ಕಾಯಿ ದಾಟಿತು. ಹತ್ತು, ಇಪ್ಪತ್ತು. ಇಂಚರ ಎದುರಿಗೆ ಮೊಣಕಾಲೂರಿ ಕೂತು ನನ್ನ ಕಣ್ಣನ್ನೇ ನೋಡುತ್ತಿದ್ದಳು, ನಾನು ರೆಪ್ಪೆ ಬಡಿದಾಗಲೆಲ್ಲ ಸ್ವಿಚ್ಚಿನ ಕಡೆ ಕೈ ಚಾಚುತ್ತಿದ್ದಳು. ಸುಮ್ಮನೆ ನೋಡುವ ಬದಲು ನೀನೂ ನಾಲ್ಕು ಸುಲಿ ಎಂದು ಒಂದು ಹಿಡಿ ಕಾಯಿ ಅವಳ ಮುಂದಿಟ್ಟೆ. ಸಿದ್ದವೀರಯ್ಯನವರೂ ಹೇಳಿಸಿಕೊಳ್ಳದೆ ಒಂದು ಹಿಡಿ ತೆಗೆದುಕೊಂಡರು. ಅರ್ಧ ಗಂಟೆಗೆ ಎರಡು ಕೆ.ಜಿ.ಯೂ ಮುಗಿಯಿತು. ಮಡಿಲು ತುಂಬ ಹಸಿರು ಕಾಳು, ನನ್ನ ಕಣ್ಣಿನಲ್ಲಿ ನಿದ್ದೆಯ ಸುಳಿವಿಲ್ಲ.

ಬೆಲೆ ತುಸು ಜಾಸ್ತಿಯೇ. ಕೊಟ್ಟೆ. ಹೊರಡುವಾಗ ಇಂಚರ ಕೌಂಟರಿನ ಪೆನ್ನು ತೆಗೆದುಕೊಂಡು ತನ್ನ ಹಾಳೆಯಲ್ಲಿ ಅಮ್ಮ ನೂರು ಎಂಬ ಸಾಲನ್ನು ಹೊಡೆದುಹಾಕಿದಳು. ಒಂದು ಗೆರೆ ಸಾಲದೆನಿಸಿತೋ ಏನೋ, ಕೆಳಗಿನ ಅಕ್ಷರ ಕಾಣದ ಹಾಗೆ ಗೀಚಿದಳು.

ಭಾನುವಾರ ಒಂಬತ್ತಕ್ಕೆಲ್ಲ ತಿಂಡಿಯ ಪಾತ್ರೆ ತೊಳೆದು, ಹುಳಿಗೆ ಬೇಳೆ ಬೇಯಿಸಿಟ್ಟು, ಕೈ ಒರೆಸಿಕೊಂಡು ಹೋದೆ. ಹೊಸ ಡಬ್ಬ ಒಳಗೆ ಕೂತಿತ್ತು, ಸದ್ದೇ ಇಲ್ಲ. ನಮ್ಮವರು ಬಾಗಿಲಲ್ಲಿ ನಿಂತು, ಇನ್ನೂ ಮಲಗಲಿಲ್ಲವಾ ಎಂದು ಒಮ್ಮೆ ಇಣುಕಿ ಹೋದರು. ಬೆತ್ತದ ಸ್ಟೂಲು ಅದೇ ಜಾಗದಲ್ಲಿತ್ತು. ನಾನು ಅದನ್ನು ಎತ್ತಿ, ಇಂಚರಳ ಇನ್ನೊಂದು ಬದಿಗೆ, ಪರದೆ ನೇರ ಕಾಣುವ ಕಡೆ ಇಟ್ಟುಕೊಂಡು ಕೂತೆ.

ಸೇತುವೆ ಬಂತು. ಐದು ಬೊಂಬೆಗಳು ಓಡಿ ಬಂದು ನಿಂತವು. ಅಲ್ಲಿಂದ ಮುಂದಿನದ್ದೆಲ್ಲ ನನಗೆ ಹೊಸದು. ಸೇತುವೆಯ ಆಚೆ ಒಂದು ಊರಿದೆ, ಊರಿನ ನಡುವೆ ದೀಪಸ್ತಂಭವೊಂದಿದೆ, ಅದು ಆರದ ಹಾಗೆ ಇವರು ಕಾಯಬೇಕು, ಎದುರು ತಂಡದ ಐವರು ಬಂದು ಆರಿಸಬೇಕು. ಇಷ್ಟು ತಿಳಿಯಲು ನನಗೆ ಐದು ನಿಮಿಷ ಹಿಡಿಯಿತು. ಇಂಚರಳದ್ದು ಹಸಿರು ಕಂಬಳಿ ಹೊದ್ದ ಬೊಂಬೆ. ಉಳಿದವರು ಮುಂದೆ ನುಗ್ಗಿದರೆ ಅದು ಮಾತ್ರ ಮತ್ತೆ ಮತ್ತೆ ಹಿಂದಕ್ಕೆ ಓಡಿ, ಹಿಂದೆ ಬಿದ್ದವಳು ಬಂದಳೋ ಇಲ್ಲವೋ ನೋಡಿಕೊಂಡು ಬರುತ್ತಿತ್ತು. ಹೆಡ್‌ಫೋನಿನಲ್ಲಿ ಇವಳು ಆಡುತ್ತಿದ್ದ ಮಾತು ನಾನು ಎಂದೂ ಕೇಳಿದ್ದಲ್ಲ. ನಮ್ಮ ಮನೆಯಲ್ಲಿ ಉಪ್ಪು ಕೇಳಲೂ ನಾಚುವ ಹುಡುಗಿ ಇವಳೇನಾ ಎನಿಸಿತು. ಎಡಗಡೆ ಗೋಡೆ, ಇಬ್ಬರು, ಎನ್ನುತ್ತಿದ್ದಳು. ಆತುರ ಬೇಡ. ನಾನಿದೀನಿ, ನೀ ಹೋಗು.

ಬೆಂಕಿ ಬಂತು, ಹೊಗೆ ಬಂತು, ಪರದೆ ತುಂಬ ಕಿಡಿ. ನಾನು ಸ್ಟೂಲಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. ಹಾಲು ಉಕ್ಕಿತು, ಪಾತ್ರೆಯೊಳಗೇ ಇಳಿಯಿತು. ನನ್ನ ರೆಪ್ಪೆ ಹಗುರವಾಗಿತ್ತು.

ಪಂದ್ಯಕ್ಕೆ ಮೂರು ಆಟ. ಮೊದಲನೆಯದು ಇವರದಾಯಿತು, ಎರಡನೆಯದು ಅವರದು. ಮೂರನೆಯದರಲ್ಲಿ ದೀಪಸ್ತಂಭದ ಹತ್ತಿರ ಕೊನೆಗೆ ಹಸಿರು ಕಂಬಳಿಯೊಂದೇ ಉಳಿಯಿತು, ಎದುರಿಗೆ ಮೂವರು. ಒಬ್ಬರನ್ನು ಬೀಳಿಸಿದಳು. ಇನ್ನೊಬ್ಬರನ್ನೂ. ಮೂರನೆಯವಳು ಹಿಂದಿನಿಂದ ಬಂದಳು. ದೀಪ ಆರಿತು.

ಪರದೆ ಕಪ್ಪಾಯಿತು. ಇಂಚರ ಹೆಡ್‌ಫೋನು ತೆಗೆದು, ಎರಡು ವರ್ಷದ ರೂಢಿಯಲ್ಲಿ, ಮುಖದ ಮೇಲೊಂದು ನಗು ತಂದುಕೊಂಡು ನಾನು ಸಾಮಾನ್ಯವಾಗಿ ಕೂರುವ ಬದಿಗೆ ತಿರುಗಿದಳು. "ಗೆದ್‌..." ಎಂದಳು. ಅಲ್ಲಿ ನಾನಿರಲಿಲ್ಲ. ಈ ಕಡೆ ತಿರುಗಿದಳು. ನನ್ನ ಕಣ್ಣು ತೆರೆದೇ ಇತ್ತು.

ನಗು ಮೆಲ್ಲಗೆ ಇಳಿಯಿತು. "ಸೋತ್ವಿ ಅಮ್ಮ," ಎಂದಳು.

"ನೋಡಿದೆ."

ಅವಳು ಕೀಬೋರ್ಡಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತ ಕೂತಳು. ಈ ಎರಡು ವರ್ಷದ ಭಾನುವಾರಗಳಲ್ಲೂ ಮೂರರಲ್ಲಿ ಎರಡು ಸಲ ಸೋಲುವುದೇ ಆಗಿತ್ತು ಎಂದಳು. ನಾನು ಎದ್ದು ಗೋಡೆ ಹಿಡಿದುಕೊಳ್ಳುವುದನ್ನು ಕಂಡರೆ ಸೋತೆ ಎನ್ನಲು ಬಾಯಿ ಬರುತ್ತಿರಲಿಲ್ಲವಂತೆ.

ನಾನು ಅವಳ ತಲೆ ಸವರಿ, ಆ ಎರಡನೆಯವಳನ್ನು ಬೀಳಿಸಿದೆಯಲ್ಲ, ಮೊದಲು ಎಡಕ್ಕೆ ಹೋದ ಹಾಗೆ ಮಾಡಿ ಬಲಕ್ಕೆ ಹಾರಿದ್ದು ಹೇಗೆ ಎಂದು ಕೇಳಿದೆ. ಅವಳು ತಲೆ ಎತ್ತಿ ನೋಡಿದಳು. ಆಮೇಲೆ ಎರಡೂ ಕೈ ಬೀಸಿ ಹೇಳತೊಡಗಿದಳು. ಹೇಳುತ್ತ ಹೇಳುತ್ತಲೇ ನನ್ನ ಹಿಂದೆ ಅಡುಗೆಮನೆಗೂ ಬಂದಳು. ಎದ್ದು ನಡೆಯುವಾಗ ನನಗೆ ಗೋಡೆ ಬೇಕಾಗಲಿಲ್ಲ.

ಬಾಣಲೆಯಲ್ಲಿ ತುಪ್ಪ ಕಾಯಿಸಿ ರವೆ ಹಾಕಿ ಹುರಿಯತೊಡಗಿದೆ. ಘಮ ಏಳುತ್ತಿದ್ದಂತೆ ಅವಳ ಮಾತು ನಿಂತಿತು.

"ಸೋತಿದ್ದಕ್ಕೂ ಸಜ್ಜಿಗೆನಾ ಅಮ್ಮ?"

"ಇದು ನಿನ್ನದಲ್ಲ ಕಣೇ," ಎಂದೆ. "ನಾನು ನೋಡಿದ್ದಕ್ಕೆ. ಸಕ್ಕರೆ ಡಬ್ಬ ಇತ್ತ ಕೊಡು."